ಪಟ್ಟೆ ಅಂಗಿಯ ಕಾಲರು

ಡೈರಿ ಬರೆಯುವ ಹುಚ್ಚು ಇಲಿಗೆ ತಾನಾಗಿ ಹತ್ತಿದ್ದಲ್ಲ, ಸೈಕಾಲಜಿ ಮೇಡಂ ಹತ್ತಿಸಿದ್ದು. "ಮೊದಲು ಒಂದು ಮಾಮೂಲಿ ಭಾನುವಾರ ಬರೀರಿ. ನನಗೆ ತೋರಿಸೋದೇನೂ ಬೇಡ, ಮಾರ್ಕ್ಸೂ ಇಲ್ಲ. ಕಣ್ಣಿಗೆ ಕಂಡಿದ್ದಷ್ಟೇ ಬರೀರಿ. ಅನ್ನಿಸಿದ್ದು, ಅಂದ್ಕೊಂಡಿದ್ದು ಯಾವುದೂ ಬೇಡ," ಅಂದಿದ್ದರು. ಮಾರ್ಕ್ಸ್ ಇಲ್ಲ ಅಂದ ಮೇಲೆ ಕೇಳಬೇಕೇ, ಕ್ಲಾಸಿನ ಮುಕ್ಕಾಲು ಪಾಲು ಜನ ಆ ಮಾತನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟರು. ಇಲಿ ಮಾತ್ರ ಗಟ್ಟಿ ರಟ್ಟಿನ ಪುಸ್ತಕವೊಂದನ್ನು ಕೊಂಡು ತಂದಳು. ಅವಳಿಗೆ ಬೇಕಾಗಿದ್ದದ್ದೇ ಒಂದು ಮಾಮೂಲಿ ಭಾನುವಾರ. ಅವರ ಮನೆಗೆ ಅಂಥದ್ದೊಂದು ಬಂದು ಒಂದೂವರೆ ವರ್ಷವಾಗಿತ್ತು.

ಇಲಿ ಅನ್ನುವುದು ಅಣ್ಣ ಇಟ್ಟ ಹೆಸರು. ಚಿಕ್ಕವಳಿದ್ದಾಗ ಪೆನ್ಸಿಲ್ಲುಗಳನ್ನೆಲ್ಲ ಕಚ್ಚಿ ಚಿಂದಿ ಮಾಡುತ್ತಿದ್ದಳು. ಈಗ ಡಿಗ್ರಿ ಎರಡನೇ ವರ್ಷಕ್ಕೆ ಬಂದರೂ ಹೆಸರು ಬಿಟ್ಟು ಹೋಗಿಲ್ಲ. ಇಟ್ಟವನು ಹೋದ. ಐದು ದಿನದ ಜ್ವರ, ಆಸ್ಪತ್ರೆಗೆ ಅವನೇ ನಡೆದುಕೊಂಡು ಹೋಗಿದ್ದ, ಬಾಗಿಲಲ್ಲಿ ತಂಗಿಯ ತಲೆಗೆ ಮೊಟಕಿಯೂ ಇದ್ದ. ವಾಪಸ್ ಬಂದದ್ದು ಪ್ಲಾಸ್ಟಿಕ್ ಕವರಿನೊಳಗೆ ಮಡಿಸಿಟ್ಟ ನೀಲಿ ಪಟ್ಟೆಯ ತುಂಬುತೋಳಿನ ಅಂಗಿ. ಉಳಿದ ಬಟ್ಟೆಯನ್ನೆಲ್ಲ ಯಾರ್‍ಯಾರಿಗೋ ಕೊಟ್ಟಾಯಿತು. ಅದೊಂದನ್ನು ಮಾತ್ರ ಅಮ್ಮ ಹಜಾರದ ಬೀರುವಿನಲ್ಲಿ ನೇತುಹಾಕಿದಳು.

ಪ್ರತಿ ಭಾನುವಾರ ಮನೆಮಂದಿಯ ಬಟ್ಟೆಯ ಜೊತೆ ಅಮ್ಮ ಆ ಅಂಗಿಯನ್ನೂ ತೆಗೆದು ಒಗೆಯುವಳು. ಹಾಕಿಕೊಳ್ಳುವವರಿಲ್ಲದ ಅಂಗಿಯನ್ನು ಒಗೆಯುವುದೇಕೆ ಎಂದು ಕೇಳುವ ಧೈರ್ಯ ಯಾರಿಗಿದೆ? "ಧೂಳು ಕೂರುತ್ತೆ," ಅಂತ ಅವಳೇ ಮೊದಮೊದಲು ಹೇಳುತ್ತಿದ್ದಳು. ಈಚೆಗೆ ಕೆಲವು ತಿಂಗಳಿಂದ ಆ ಮಾತು ನಿಂತಿತ್ತು. ಅದರ ಬದಲು, "ಅವನು ಬರ್ತಾನೆ ಕಣೆ," ಅನ್ನತೊಡಗಿದ್ದಳು. ಜೋರಾಗಿ ಅಲ್ಲ, ಅಳುತ್ತಲೂ ಅಲ್ಲ. ಹಾಲಿನವನು ಬರ್ತಾನೆ ಅನ್ನುವಷ್ಟು ಸಲೀಸಾಗಿ. ಮಲಗುವ ಕೋಣೆ ಬಿಟ್ಟು ಹಿಂಬಾಗಿಲ ಪಕ್ಕ ಚಾಪೆ ಹಾಸಿಕೊಂಡಳು, ಬಾಗಿಲಿನ ಚಿಲಕ ಹಾಕುವುದನ್ನು ಬಿಟ್ಟಳು. ರಾತ್ರಿಯೆಲ್ಲ ಕಣ್ಣು ಬಿಟ್ಟುಕೊಂಡು ಬಿದ್ದಿದ್ದು ಹಗಲು ಅಂಗಡಿಯಲ್ಲಿ ತೂಕಡಿಸುವಳು. ಅಮ್ಮ ಆಲ್ಟರೇಶನ್ ಅಂಗಡಿಯ ಟೈಲರು. ಯಾರದೋ ಪ್ಯಾಂಟಿನ ಸೊಂಟ ಸಡಿಲ ಮಾಡುವುದು, ಯಾರದೋ ತೋಳು ಗಿಡ್ಡ ಮಾಡುವುದು. ಹೋದ ವಾರ ಗಿಡ್ಡ ಮಾಡಬೇಕಾದ ಪ್ಯಾಂಟಿನ ಜೊತೆ ತನ್ನ ಬೆರಳನ್ನೂ ಕತ್ತರಿಸಿಕೊಂಡಿದ್ದಳು. ಇನ್ನೊಂದು ಸಲ ಹೀಗಾದರೆ ಬರುವುದೇ ಬೇಡ ಎಂದು ಅಂಗಡಿಯವರು ಹೇಳಿ ಕಳಿಸಿದ್ದರು. ಅಣ್ಣ ಹೋಗಿದ್ದು ಐದು ದಿನದಲ್ಲಿ. ಅಮ್ಮ ಕಣ್ಣೆದುರೇ ದಿನಾ ಸ್ವಲ್ಪ ಸ್ವಲ್ಪವಾಗಿ ಹೋಗುತ್ತಿದ್ದಾಳೆ ಎಂದು ಇಲಿಗೆ ಅನ್ನಿಸುತ್ತಿತ್ತು.

ಆ ಭಾನುವಾರ ಬೆಳಿಗ್ಗೆ ಅವಳು ಬರೆದದ್ದು ಇಷ್ಟು. ಅಪ್ಪ ಡ್ಯೂಟಿಗೆ ಹೋದರು. ಪಕ್ಕದ ಮನೆಯ ರೇಡಿಯೋ ಕೆಟ್ಟಿದೆ, ಆದರೂ ಹಾಕಿದ್ದಾರೆ. ಅಮ್ಮ ಎರಡು ಬಕೆಟ್ಟಿನಲ್ಲಿ ಬಟ್ಟೆ ನೆನೆಹಾಕಿದಳು. ಅಮ್ಮನ ಬೆರಳಿಗೆ ಬ್ಯಾಂಡೇಜು ಇರುವುದರಿಂದ ಇವತ್ತು ಉಜ್ಜುವುದೆಲ್ಲ ನನ್ನ ಪಾಲಿಗೆ.

ಕಾಲರು ಉಜ್ಜುವುದರಲ್ಲಿ ಇಲಿ ಪಳಗಿದವಳೇ. ಆದರೆ ಪಟ್ಟೆ ಅಂಗಿಯನ್ನು ಅಮ್ಮ ಈವರೆಗೆ ಯಾರ ಕೈಗೂ ಕೊಟ್ಟಿರಲಿಲ್ಲ. ಇವತ್ತು ಬೇರೆ ದಾರಿಯಿರಲಿಲ್ಲ. ಇಲಿ ಬಚ್ಚಲಲ್ಲಿ ಕೂತು, ಸೋಪು ಹಚ್ಚಿ, ಕಾಲರಿನ ಮಡಿಕೆ ಬಿಚ್ಚಿದಳು. ಮಡಿಕೆಯುದ್ದಕ್ಕೂ ಕಪ್ಪು ಗೆರೆ ಕೂತಿತ್ತು.

ಧೂಳಾದರೆ ಮೇಲ್ಗಡೆ ಕೂರುತ್ತದೆ, ಮಡಿಕೆಯ ಒಳಗಲ್ಲ. ಇದು ಕುತ್ತಿಗೆಯ ಬೆವರು. ಒಂದೇ ವಾರದ್ದು, ಹಸಿಯಾದ ಕೊಳೆ. ತೋಳನ್ನು ಎತ್ತಿ ನೋಡಿದರೆ ಮೊಣಕೈ ಮೇಲಿನವರೆಗೆ ಮಡಚಿದ ಗೆರೆಗಳು, ಅಣ್ಣ ಮಡಚುತ್ತಿದ್ದ ಹಾಗೇ ಮೂರು ಸುತ್ತು. ಒಂದೆರಡು ಸಲ ಬೆಳಗಿನ ಜಾವ ಬೀರುವಿನ ಬಾಗಿಲು ಕಿರ್‍ರೆಂದದ್ದು, ತಾನು ಮುಸುಕೆಳೆದುಕೊಂಡು ಕನಸೆಂದು ಸುಮ್ಮನಾದದ್ದು, ಎಲ್ಲ ಒಟ್ಟಿಗೆ ನೆನಪಾಯಿತು. ಎದ್ದು ಒದ್ದೆ ಕೈಯಲ್ಲೇ ಹೋಗಿ ಪುಸ್ತಕದಲ್ಲಿ ಬರೆದಳು: ಅಣ್ಣನ ಅಂಗಿಯ ಕಾಲರು ಕೊಳೆಯಾಗಿದೆ. ಬರೆದದ್ದನ್ನು ಓದಿದಾಗ ಇನ್ನಷ್ಟು ಹೆದರಿಕೆಯಾಯಿತು. ಕಣ್ಣಿಗೆ ಕಂಡದ್ದನ್ನೇ ತಾನೇ ಬರೆದದ್ದು.

"ನೋಡಿದ್ಯಾ?"

ಅಮ್ಮ ಬೆನ್ನ ಹಿಂದೆ ನಿಂತಿದ್ದಳು. ಪುಸ್ತಕವನ್ನಲ್ಲ, ಮಗಳ ಮುಖವನ್ನು ನೋಡುತ್ತಿದ್ದಳು.

"ನಾನು ಹೇಳಿದ್ರೆ ನಂಬ್ತಿರ್ಲಿಲ್ಲ ನೀನು. ಅಮ್ಮಂಗೆ ತಲೆ ಕೆಟ್ಟಿದೆ ಅಂದ್ಕೊಂಡಿದ್ದೆ ಅಲ್ವಾ? ಎಷ್ಟು ತಿಂಗಳಿಂದ ನೋಡ್ತಿದ್ದೀನಿ. ಬರ್ತಾನೆ, ಹಾಕ್ಕೋತಾನೆ, ಎಲ್ಲೋ ತಿರುಗಾಡ್ಕೊಂಡು ಬಂದು ಅಲ್ಲೇ ಇಡ್ತಾನೆ. ಚಿಲಕ ಹಾಕಿದ್ರೆ ಪಾಪ, ಹೇಗೆ ಬರ್ತಾನೆ ಹೇಳು."

ಅವಳು ನಗುತ್ತಿದ್ದಳು. ಒಂದೂವರೆ ವರ್ಷದಿಂದ ಕಾಣದಿದ್ದ ನಗು. ಆ ಕೊಳೆಗಿಂತ ಆ ನಗು ನೋಡಿ ಇಲಿ ಹೆಚ್ಚು ಹೆದರಿದಳು.

ಮತ್ತೆ ಬಚ್ಚಲಿಗೆ ಬಂದು ಕೂತಳು. ಅಂಗಿಯನ್ನು ಮುಟ್ಟಲು ಕೈ ಬರಲಿಲ್ಲ. ಅದನ್ನು ಹಾಗೇ ಬದಿಗಿಟ್ಟು ಅಪ್ಪನ ಖಾಕಿಯನ್ನು ಎಳೆದುಕೊಂಡಳು. ಅಪ್ಪ ಸಿಟಿ ಬಸ್ಸಿನ ಡ್ರೈವರು, ದಿನವಿಡೀ ಎಂಜಿನ್ನಿನ ಪಕ್ಕ ಬೇಯುವವರು. ಅವರ ಅರ್ಧತೋಳಿನ ಖಾಕಿಯ ಕಾಲರು ಉಜ್ಜುವುದೆಂದರೆ ಬಾಣಲೆಯ ಮಸಿ ಉಜ್ಜಿದಂತೆ. ಒಂದು ಅಂಗಿಯ ಕಾಲರು ಎಂದಿನಂತೆ ಒಳಗೂ ಹೊರಗೂ ಕಪ್ಪಾಗಿತ್ತು. ಇನ್ನೊಂದರ ಕಾಲರನ್ನು ತಿರುಗಿಸಿದರೆ ಹೊರಗೆ ಹೊಗೆಯ ಮಸಿ, ಒಳಗೆ ಮಾತ್ರ ಕೊಳೆಯ ಸುಳಿವಿಲ್ಲ. ಇಲಿ ಅದನ್ನೊಮ್ಮೆ, ಪಟ್ಟೆ ಅಂಗಿಯನ್ನೊಮ್ಮೆ ನೋಡಿದಳು. ಒಂದನ್ನು ಇನ್ನೊಂದರ ಮೇಲಿಟ್ಟಳು. ಆಮೇಲೆ ಲಗುಬಗೆಯಿಂದ ಎಲ್ಲವನ್ನೂ ಒಗೆದು ಹಗ್ಗಕ್ಕೆ ಹರವಿ, "ಅಪ್ಪಂಗೆ ಊಟ ಕೊಟ್ಟು ಬರ್ತೀನಿ," ಎಂದು ಡಬ್ಬಿ ಹಿಡಿದು ಹೊರಟಳು.

ಡಿಪೋದಲ್ಲಿ ಭಾನುವಾರದ ಸೋಮಾರಿತನ ಬಿದ್ದುಕೊಂಡಿತ್ತು. ತೊಳೆದ ಬಸ್ಸುಗಳಿಂದ ನೀರು ಸೋರುತ್ತಿತ್ತು. ಅಪ್ಪ ಡ್ರೈವರುಗಳ ಕೋಣೆಯ ಬೆಂಚಿನ ಮೇಲೆ ಒಬ್ಬರೇ ಕೂತು ಬೂಟು ಬಿಚ್ಚಿ ಕಾಲು ಚಾಚಿದ್ದರು. ಮಗಳನ್ನು ಕಂಡು, "ಏನು ಮರಿ, ಸೂರ್ಯ ಯಾವ ಕಡೆ ಹುಟ್ಟಿದ ಇವತ್ತು?" ಅಂದರು.

ಇಲಿ ಸುತ್ತುಬಳಸಿ ಮಾತಾಡಲಿಲ್ಲ. "ಅಪ್ಪಾ, ಅಣ್ಣನ ಅಂಗಿ ನೀವು ಹಾಕ್ಕೋತೀರಾ?"

ಅಪ್ಪ ಡಬ್ಬಿಯ ಮುಚ್ಚಳ ತೆಗೆದರು. ಮತ್ತೆ ಮುಚ್ಚಿದರು.

"ವಾರಕ್ಕೆ ಎರಡು ದಿನ ನನಗೆ ಆಸ್ಪತ್ರೆ ರೂಟು ಹಾಕಿದ್ದಾರೆ," ಅಂದರು ಕೊನೆಗೆ. "ಆ ಗೇಟಿನ ಮುಂದೇ ಸ್ಟಾಪು. ಮೊದಲ್ನೇ ದಿನ ಅಲ್ಲಿ ನಿಲ್ಲಿಸಿದೆ ನೋಡು, ಕಾಲು ಬ್ರೇಕಿನ ಮೇಲಿಂದ ಏಳ್ಲೇ ಇಲ್ಲ. ಹಿಂದಿನ ಗಾಡಿಯೋರು ಹಾರ್ನ್ ಹೊಡೀತಿದ್ದಾರೆ, ಕಂಡಕ್ಟರ್ ಕೂಗ್ತಿದ್ದಾನೆ. ಸ್ಟೇರಿಂಗ್ ಹಿಡ್ಕೊಂಡ ಕೈ ಗಡಗಡ ಅಂತಿದೆ. ಬಸ್ ತುಂಬ ಜನ ಮರಿ. ರೋಗಿಗಳು, ಮಕ್ಕಳು."

"ರೂಟ್ ಬದಲಾಯಿಸಿ ಅಂತ ಕೇಳ್ಬೋದಿತ್ತಲ್ಲ."

"ಕೇಳಿದೆ. ಎಲ್ರಿಗೂ ಒಂದೊಂದು ಕಷ್ಟ ಇದೆ, ಹೋಗಿ ಅಂದ್ರು." ಅವರು ಮುಖ ಒರೆಸಿಕೊಂಡರು. "ಅದನ್ನ ಖಾಕಿ ಒಳಗೆ ಹಾಕ್ಕೊಂಡ್ರೆ ಕೈ ನಡುಗಲ್ಲ. ಬೆನ್ನ ಹಿಂದೆ ಅವನು ನಿಂತಿದ್ದಾನೆ ಅನ್ಸುತ್ತೆ. ಹೊರಡಪ್ಪ, ಹೊರಡು ಅಂತಾನೆ, ಹೊರಡ್ತೀನಿ. ಬೆಳಗಿನ ಜಾವ ತಗೊಂಡು ಹೋಗ್ತೀನಿ, ನಿಮ್ಮಮ್ಮ ಅಂಗಡಿಯಿಂದ ಬರೋ ಹೊತ್ತಿಗೆ ಇಟ್ಟಿರ್ತೀನಿ. ಅವಳಿಗೆ ಗೊತ್ತಾದ್ರೆ ಎದೆ ಒಡ್ಕೊಂಡಾಳು ಅಂತ."

"ಅಮ್ಮ ಅವನೇ ಬಂದು ಹಾಕ್ಕೋತಾನೆ ಅಂದ್ಕೊಂಡಿದ್ದಾಳೆ. ಅದಕ್ಕೇ ಬಾಗಿಲ ಹತ್ರ ಮಲಗೋದು."

ಅಪ್ಪ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದರು. "ನಾನು ಸೆಕೆಗೆ ಅಂದ್ಕೊಂಡಿದ್ದೆ," ಅಂದರು.

ಅಪ್ಪ ಅಮ್ಮ ಇಬ್ಬರೂ ಒಂದೇ ಸೂರಿನಡಿ ಇದ್ದು, ಒಬ್ಬರನ್ನೊಬ್ಬರು ನೋಯಿಸಬಾರದೆಂದು ಬಾಯಿಗೆ ಬೀಗ ಹಾಕಿಕೊಂಡವರು. ಇಲಿಗೆ ಅಳುವೂ ಬಂತು, ಇಬ್ಬರನ್ನೂ ಹಿಡಿದು ಅಲ್ಲಾಡಿಸಿಬಿಡುವಷ್ಟು ಸಿಟ್ಟೂ ಬಂತು.

"ಬಿಟ್ಬಿಡ್ತೀನಿ. ಇನ್ನು ಮುಟ್ಟಲ್ಲ ಅದನ್ನ," ಅಂದರು ಅಪ್ಪ. ಹೇಳುವಾಗಲೇ ಅವರ ಬಲಗೈ ತೊಡೆಯ ಮೇಲೆ ನಡುಗುತ್ತಿತ್ತು. ಅವರು ಅದನ್ನು ಎಡಗೈಯಿಂದ ಒತ್ತಿ ಹಿಡಿದರು. ಇಲಿ ನೋಡಿಯೂ ನೋಡದವಳಂತೆ ಎದ್ದಳು.

ದಾರಿಯುದ್ದಕ್ಕೂ ಅದೇ ಯೋಚನೆ. ಅಪ್ಪ ಅಂಗಿ ಬಿಟ್ಟರೆ ಮುಂದಿನ ಭಾನುವಾರ ಕಾಲರು ಶುಭ್ರವಾಗಿರುತ್ತದೆ. ಮಗ ಬರುವುದನ್ನು ನಿಲ್ಲಿಸಿದ ಎಂದು ಅಮ್ಮ ಇನ್ನೊಂದು ಸಲ ಅವನನ್ನು ಕಳೆದುಕೊಳ್ಳುತ್ತಾಳೆ. ಅಲ್ಲಿ ಆಸ್ಪತ್ರೆಯ ಸ್ಟಾಪಿನಲ್ಲಿ ಬಸ್ಸು ತುಂಬ ಜನ. ಬಿಡದಿದ್ದರೆ ಅಮ್ಮ ಆ ಚಾಪೆಯಿಂದ ಏಳುವವಳಲ್ಲ. ಸುಮ್ಮನಿರುವುದು ಸುಲಭ, ಆದರೆ ಸುಮ್ಮನಿದ್ದೇ ಮನೆ ಈ ಗತಿಗೆ ಬಂದದ್ದು.

ಅವಳು ಬರುವಾಗ ಅಮ್ಮ ಹಗ್ಗದಿಂದ ಬಟ್ಟೆ ತೆಗೆದು ಹಜಾರದಲ್ಲಿ ಕೂತಿದ್ದಳು. ಪಟ್ಟೆ ಅಂಗಿ ತೊಡೆಯ ಮೇಲಿತ್ತು, ಮಲಗಿದ ಮಗುವಿನ ಬೆನ್ನು ಸವರುವ ಹಾಗೆ ಅದರ ಬೆನ್ನು ಸವರುತ್ತಿದ್ದಳು.

"ಅಮ್ಮ, ಅದನ್ನ ಅಪ್ಪ ಹಾಕ್ಕೋತಿದ್ದಾರೆ. ಆಸ್ಪತ್ರೆ ರೂಟಿದ್ದ ದಿನ. ಅದಿಲ್ದಿದ್ರೆ ಅವರಿಗೆ ಬಸ್ ಓಡ್ಸಕ್ಕಾಗಲ್ವಂತೆ."

"ಸುಳ್ಳು!" ಅಮ್ಮನ ದನಿಗೆ ಪಕ್ಕದ ಮನೆಯ ರೇಡಿಯೋ ಕೂಡ ತಟ್ಟನೆ ನಿಂತಿತು. "ಸುಳ್ಳು ಹೇಳ್ತೀಯಾ? ನಿನಗೂ ಅವನು ಬರೋದು ಬೇಡ ಅಲ್ವಾ?"

ಆ ಮಾತು ಇಲಿಯ ಎದೆಗೆ ಕೊಳ್ಳಿಯಿಟ್ಟಂತಾಯಿತು. ಆದರೂ ಅಲ್ಲಾಡದೆ ನಿಂತಳು. "ಒಳಗಡೆ ತಿರುಗಿಸಿ ನೋಡು. ನಿನ್ನ ಕೆಲಸ ಅಲ್ವಾ ಅದು, ನಿನಗೇ ಗೊತ್ತಾಗುತ್ತೆ."

ಅಮ್ಮ ನೋಡುವುದಿಲ್ಲವೆಂದೇ ಅವಳು ಅಂದುಕೊಂಡಳು. ಆಮೇಲೆ ಅಮ್ಮನ ಕೈಗಳು, ಅವಳ ಅಪ್ಪಣೆಗೂ ಕಾಯದೆ, ಗಿರಾಕಿಯ ಬಟ್ಟೆ ನೋಡುವಂತೆ ಅಂಗಿಯನ್ನು ತಿರುವಿಹಾಕಿದವು. ಕಂಕುಳ ಹತ್ತಿರ ಬೆರಳು ನಿಂತಿತು. ಅಲ್ಲಿ ಹೊಲಿಗೆ ಜಗ್ಗಿ, ದಾರದ ನಡುವೆ ಕಿಂಡಿ ಬಿದ್ದಿತ್ತು. ಬೆನ್ನಿನ ಹೊಲಿಗೆಯೂ ಹಾಗೇ. ಎರಡನೇ ಗುಂಡಿಯ ಕಾಜ ಎಳೆದು ಉದ್ದವಾಗಿತ್ತು. ಕಡ್ಡಿಯಂತಿದ್ದ ಹುಡುಗನ ಮೈ ಮಾಡುವ ಕೆಲಸವಲ್ಲ ಅದು. ಅಮ್ಮ ಆ ಕಿಂಡಿಗಳನ್ನೆಲ್ಲ ಒಂದೊಂದಾಗಿ ಮುಟ್ಟಿದಳು.

"ಇಷ್ಟು ಬಿಗಿ," ಅಂದಳು. "ಹೇಗೆ ಉಸಿರಾಡ್ತಾರೆ ಇವರು, ಇದರೊಳಗೆ?"

ಆಮೇಲೆ ಅತ್ತಳು. ಅಣ್ಣನನ್ನು ಕೊಂಡೊಯ್ದ ದಿನ ಅಳದವಳು, ಆಮೇಲೂ ಅಳದವಳು, ಈಗ ಬಾಯಿಬಿಟ್ಟು, ಮಗುವಿನಂತೆ ಬಿಕ್ಕಿ ಬಿಕ್ಕಿ ಅತ್ತಳು. ಇಲಿ ಅವಳ ಹೆಗಲು ಹಿಡಿದು ಕೂತಳು. ಹಿಂಬಾಗಿಲು ಗಾಳಿಗೆ ಒಮ್ಮೆ ತೆರೆದು ಮುಚ್ಚಿತು. ಇಬ್ಬರೂ ಅತ್ತ ನೋಡಿದರು. ಯಾರೂ ಇರಲಿಲ್ಲ.

ಬೆಳಕು ಕಡಿಮೆಯಾದಾಗ ಅಮ್ಮ ಮೂಗು ಒರೆಸಿಕೊಂಡು ಹೊಲಿಗೆ ಪೆಟ್ಟಿಗೆ ಎಳೆದುಕೊಂಡಳು. ಅಂಗಿಯನ್ನು ಒಳಹೊರಗು ಮಾಡಿ ಪಕ್ಕದ ಹೊಲಿಗೆಯ ಅಂಚನ್ನು ತೋರಿಸಿದಳು. ಒಳಗೆ ಎರಡು ಬೆರಳಗಲ ಬಟ್ಟೆ ಮಡಿಚಿಕೊಂಡಿತ್ತು, ಬಿಸಿಲು ಕಾಣದ ಕಡುನೀಲಿ.

"ನಾನೇ ಹೊಲಿದಿದ್ದು. ಮುಂದೆ ದಪ್ಪಗಾದ್ರೆ ಬಿಚ್ಚೋಣ ಅಂತ ಇಷ್ಟು ಬಿಟ್ಟಿದ್ದೆ," ಅಂದಳು. "ನಿಮ್ಮಪ್ಪಂಗೆ ಸಾಕಾಗುತ್ತೆ."

ಬ್ಲೇಡು ತೆಗೆದುಕೊಂಡಳು. ಹೊಲಿಗೆಗೆ ತಾಗಿಸಿ, ಹಿಂದೆಗೆದಳು.

"ಬಿಚ್ಚಿದ್ರೆ ಅವನ ಅಳತೆ ಹೋಗ್ಬಿಡುತ್ತೆ ಕಣೆ. ಇದೊಂದ್ರಲ್ಲೇ ಇರೋದು. ಏನೋ ಪುಸ್ತಕ ತಂದಿದ್ದೀಯಲ್ಲ, ಅದ್ರಲ್ಲಿ ಬರ್ಕೋ."

ಇಲಿ ಪುಸ್ತಕ ತೆರೆದು ಹೊಸ ಹಾಳೆಗೆ ಬಂದಳು. ಅಮ್ಮ ಅಂಗಿಯನ್ನು ನೆಲದ ಮೇಲೆ ನೀಟಾಗಿ ಹರಡಿ ಟೇಪು ಹಿಡಿದಳು. "ಉದ್ದ ಇಪ್ಪತ್ತೊಂಬತ್ತು. ಹೆಗಲು ಹದಿನೇಳು. ಎದೆ ಮೂವತ್ತೆಂಟು. ತೋಳು ಇಪ್ಪತ್ನಾಲ್ಕೂವರೆ, ಕೈ ಉದ್ದ ಅವನಿಗೆ." ಒಂದೊಂದನ್ನೂ ಎರಡು ಸಲ ಅಳೆದಳು. ಕೊನೆಗೆ ಕಾಲರನ್ನು ಬಿಡಿಸಿ ಟೇಪು ಇಟ್ಟಳು. ಹೆಬ್ಬೆರಳಿನಿಂದ ಅದರ ಮಡಿಕೆಯನ್ನು ಸವರಿದಳು. ಇಲಿಯೇ ಬಗ್ಗಿ ಟೇಪು ನೋಡಿ, ಕುತ್ತಿಗೆ ಹದಿನಾಲ್ಕೂವರೆ ಎಂದು ಬರೆದಳು.

"ಬರೆದ್ಯಾ?"

"ಬರೆದೆ."

"ಹಾಗಾದ್ರೆ ಲೈಟ್ ಹಾಕು," ಎಂದು ಅಮ್ಮ ಮೊದಲನೇ ಹೊಲಿಗೆಗೆ ಬ್ಲೇಡು ಇಟ್ಟಳು.