ಎರಡಕ್ಷರ, ಒಂದು ನಕ್ಷತ್ರ

ಹೆಸರಿನ ಮೊದಲ ಎರಡಕ್ಷರ ಟೈಪ್ ಮಾಡಿ ಮುಂದೆ ನಕ್ಷತ್ರದ ಚಿಹ್ನೆ ಹಾಕಿದರೆ ಸಾಕು, ಹೊಂದುವ ಹೆಸರುಗಳನ್ನೆಲ್ಲ ಕಂಪ್ಯೂಟರ್ ತೋರಿಸುತ್ತದೆ. ಆಸ್ಪತ್ರೆಯ ದಾಖಲೆ ಕೋಣೆಯ ಗುಮಾಸ್ತೆ, ಹನ್ನೊಂದು ವರ್ಷದ ಹಿಂದೆ ಅಪ್ಪನೊಂದಿಗೆ ಜಗಳವಾಡಿ ಮನೆ ಬಿಟ್ಟ ತನ್ನ ಅಣ್ಣನನ್ನು ದಿನವೂ ಹಾಗೆಯೇ ಹುಡುಕುತ್ತಿದ್ದಳು. ಸಿಗದಿದ್ದಾಗ ನೆಮ್ಮದಿಯಿಂದ ಬುತ್ತಿ ಬಿಚ್ಚುತ್ತಿದ್ದಳು.

ವಾರ್ಡುಗಳ ಹಳೆಯ ರಿಜಿಸ್ಟರುಗಳನ್ನು ಕಂಪ್ಯೂಟರಿಗೆ ಏರಿಸಿದ ಮರುದಿನ ಹೊಸದೊಂದು ಸಾಲು ಬಂತು. ಅಣ್ಣನದೇ ಹೆಸರು, ಅವನದೇ ಹುಟ್ಟಿದ ದಿನ. ಮೂರನೇ ಮಹಡಿಯಲ್ಲಿ ಇಪ್ಪತ್ತು ದಿನವಿದ್ದು, ನಾಲ್ಕು ವರ್ಷದ ಹಿಂದೆ ತೀರಿಕೊಂಡಿದ್ದ. ಆಗಲೂ ಅವಳು ಇದೇ ಕುರ್ಚಿಯಲ್ಲಿದ್ದಳು. ಹತ್ತಿರದ ಸಂಬಂಧಿಕರು ಎಂಬಲ್ಲಿ, ‘ತಂಗಿ, ಕೆಳಗಿನ ದಾಖಲೆ ಕೋಣೆ. ತಿಳಿಸುವುದು ಬೇಡ’ ಎಂದಿತ್ತು.

ಅವಳು ಮೇಲಕ್ಕೆ ಓಡಿ ಹಿರಿಯ ನರ್ಸನ್ನು ಕೇಳಿದಳು.

“ನೆನಪಿದೆ ಕಣಮ್ಮ,” ಎಂದರು ಅವರು. “ದಿನಾ ಸಂಜೆ ಐದಾದ್ರೆ ಕಿಟಕಿ ಹತ್ರ ಕೂರಿಸಿ ಅಂತಿದ್ದ. ಕೆಲಸ ಮುಗಿಸಿ ಗೇಟ್ ದಾಟೋರನ್ನೇ ನೋಡ್ತಾ ಇರ್ತಿದ್ದ. ಯಾರಾದ್ರೂ ಬರ್ತಾರೇನಪ್ಪ ಅಂದ್ರೆ, ಬಂದು ಹೋದ್ರು ಅಂತಿದ್ದ.”

ಅಂದು ಸಂಜೆ ಅಂಗಳ ದಾಟುವಾಗ ಅವಳ ಬೆನ್ನು ಜುಮ್ಮೆಂದಿತು. ತಿರುಗಿ ಆ ಕಿಟಕಿಯನ್ನು ನೋಡುವ ಧೈರ್ಯ ಬರಲಿಲ್ಲ. ಆದರೂ ಹೆಜ್ಜೆಯನ್ನು ಆದಷ್ಟು ನಿಧಾನ ಮಾಡಿದಳು.