ಏಳು, ಎಂಟನೇ ತಾರೀಖಿನ ಮಳೆ

ಪ್ರೊಜೆಕ್ಟರ್ ಗೋಡೆಗೆ ಬಿಟ್ಟ ಚಾರ್ಟ್ ನೋಡಿ ಹೊನ್ನಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಕಳೆದ ಆಗಸ್ಟಿನ ಮಳೆ ಅಲ್ಲಿ ನೀಲಿ ಬಣ್ಣ ತುಂಬಿಕೊಂಡು ನಿಂತಿತ್ತು. ನೀಲಿಯ ಹಿಂದೆ ಐವತ್ತು ಮಿಲಿಮೀಟರಿಗೊಂದು ತೆಳ್ಳನೆಯ ಅಡ್ಡಗೆರೆ. ಆರನೇ ತಾರೀಖಿಗೆ ನೀಲಿ ಎಲ್ಲಕ್ಕಿಂತ ಮೇಲಿನ ಗೆರೆ ಮುಟ್ಟಿ, ಏಳು, ಎಂಟಕ್ಕೆ ದೊಪ್ಪನೆ ನೆಲಕ್ಕೆ ಬಿದ್ದು, ಒಂಬತ್ತಕ್ಕೆ ಮತ್ತೆ ಎದ್ದಿತ್ತು.

ಮನೆಗಳ ಹಿಂದಿನ ಗುಡ್ಡದ ಬರೆ ಕುಸಿದ ಆ ಎರಡು ದಿನ ಮಳೆಯೇ ಇಲ್ಲ, ಹಾಗಾಗಿ ತಪ್ಪು ಮನೆಯವರದೇ, ಅವರೇ ಬರೆ ಕಡಿದಿದ್ದಾರೆ ಎಂದು ಎಂಜಿನಿಯರ್ ನವೀನ್ ಪಂಚಾಯಿತಿ ಸಭೆಗೆ ವಿವರಿಸಿದ. ಹಾಗಾದರೆ ಹೊನ್ನಮ್ಮನದೂ ಸೇರಿ ಮನೆ ಕಳೆದುಕೊಂಡ ಏಳು ಕುಟುಂಬಗಳಿಗೆ ಬದಲಿ ನಿವೇಶನವಿಲ್ಲ. ತಿರಸ್ಕಾರದ ಪತ್ರಕ್ಕೆ ಸಹಿ ಹಾಕಲು ತಹಸೀಲ್ದಾರರು ಪೆನ್ನು ತೆರೆದೇ ಕೂತಿದ್ದರು.

ಆ ಅಂಕಿಗಳೆಲ್ಲ ಹೊನ್ನಮ್ಮ ಬರೆದವೇ. ಹದಿನಾರು ವರ್ಷದಿಂದ ದಿನಾ ಬೆಳಿಗ್ಗೆ ಎಂಟೂವರೆಗೆ ಮಳೆ ಅಳೆಯುವವಳು ಅವಳು. ಗಂಡ ತೀರಿದ ಮರುದಿನವೂ ತಪ್ಪಿಸಿದವಳಲ್ಲ. ಏಳರಂದು ಮಾತ್ರ ಮಾಪಕವೇ ಮಣ್ಣುಪಾಲಾಗಿತ್ತು. ಒಂಬತ್ತಕ್ಕೆ ಶಾಲೆಯಲ್ಲಿ ಬೇರೆ ಮಾಪಕ ಇಡುವವರೆಗೆ ಅಳೆಯುವುದಾದರೂ ಎಲ್ಲಿ? ಅಳೆಯದ್ದನ್ನು ಬರೆಯಬಾರದೆಂದು ಎರಡು ದಿನದ ಜಾಗ ಖಾಲಿ ಬಿಟ್ಟಿದ್ದಳು. ಏನಾದರೊಂದು ಗೀಚಿದ್ದರೆ ಆಗುತ್ತಿತ್ತಲ್ಲ ಎಂದು ಅಟೆಂಡರ್ ಜವರಯ್ಯ ಪಕ್ಕದಲ್ಲಿ ಪಿಸುಗುಟ್ಟಿದ. ಸತ್ಯ ಬರೆದದ್ದಕ್ಕೆ ಸಿಕ್ಕ ಬಹುಮಾನ ನೋಡಿ!

ಹೊನ್ನಮ್ಮ ಎದ್ದು ನಿಂತಳು.

"ಸಾರ್, ಸೊನ್ನೆ ನಾನ್ ಬರೆದಿಲ್ಲೆ. ಖಾಲಿ ಬಿಟ್ಟದ್."

ನವೀನ್ ಲ್ಯಾಪ್‌ಟಾಪಿನಲ್ಲಿ ಅಂಕಿಗಳ ಶೀಟು ತೆರೆದು ನೋಡಿದ. ಖಾಲಿಯೇ ಇತ್ತು. ಇಂಥ ಚಾರ್ಟ್ ಖಾಲಿಯನ್ನು ಸೊನ್ನೆ ಎಂದೇ ತೆಗೆದುಕೊಳ್ಳುತ್ತದೆ ಎಂದು ಗೊಣಗಿದ. ಗೆರೆಗಳ ಬಣ್ಣ ತಿಳಿಯಾಗಿಸಲು ಪುರುಸೊತ್ತಿದ್ದ ಮಹಾರಾಯನಿಗೆ ಅವಳಿಗೊಂದು ಫೋನ್ ಮಾಡಿ ಕೇಳಲು ಪುರುಸೊತ್ತಿರಲಿಲ್ಲ. ಈಗ ಧಾರಾಳಿಯಾದ. ಅಂದಾಜಿಗೆ ಒಂದು ಅಂಕಿ ಹೇಳಿ, ಹಾಕಿಬಿಡುತ್ತೇನೆ ಎಂದ.

ಸಭೆಯೆಲ್ಲ ಅವಳತ್ತ ತಿರುಗಿತು. ಉಳಿದ ಆರು ಮನೆಯವರ ಕಣ್ಣು ಹೇಳು, ಹೇಳು ಎನ್ನುತ್ತಿತ್ತು. ಒಂದು ಸುಳ್ಳಿಗೆ ಏಳು ನಿವೇಶನ. ಹೊನ್ನಮ್ಮ ನವೀನನತ್ತ ತಿರುಗಿದಳು. ಕಳ್ಳಲೆಕ್ಕ ಬರೆಯಲು ಇವನೂ ಕಲಿಸಿಕೊಡಬೇಕೇ?

"ಅಳೆಯದ್ದ್ ನಾನ್ ಹೇಳುದಿಲ್ಲೆ. ಆ ಎರಡು ದಿನಕ್ಕೆ ಕೆಳಗಿಂದ ಮೇಲಿನ ಗೆರೆವರೆಗೆ ಕಪ್ಪು ತುಂಬಿ. ಮಾಪಕ ಮಣ್ಣಡಿಲಿ ಉಟ್ಟು ಅಂತ ಬರೀರಿ."

ನವೀನ್ ತಲೆ ತಗ್ಗಿಸಿ ಕಪ್ಪು ತುಂಬಿ, ಮಾಪಕ ಮಣ್ಣಿನಡಿ ಇದೆ ಎಂದು ಬರೆದ. ನೀಲಿಯ ನಡುವೆ ಎರಡು ದಿನ ಕಪ್ಪಗೆ ಎದ್ದು ನಿಂತವು. ತಹಸೀಲ್ದಾರರು ಅದನ್ನೇ ನೋಡುತ್ತಾ, ಆ ಮಾಪಕ ಇದ್ದದ್ದೆಲ್ಲಿ ಎಂದು ಕೇಳಿದರು.

"ನನ್ನ ಅಂಗಳಲಿ," ಎಂದಳು ಹೊನ್ನಮ್ಮ. "ಅಂಗಳ ಎಲ್ಲಿ ಉಟ್ಟು ಅಂತ ಈ ಚಾರ್ಟನ್ನೇ ಕೇಳಿ."

ತಹಸೀಲ್ದಾರರು ತಿರಸ್ಕಾರದ ಪತ್ರ ಪಕ್ಕಕ್ಕೆ ಸರಿಸಿ, ಪೆನ್ನಿನ ಮುಚ್ಚಳ ಹಾಕಿದರು.