ಕ್ಷೌರದಂಗಡಿಯ ಯಾಜಕ

ಬೆಳಗ್ಗೆ ಒಂಬತ್ತು ಗಂಟೆ. ಕ್ಷೌರಿಕ ರಾತ್ರಿ ತೀರಿಕೊಂಡಿದ್ದ. ಅದೇ ಕಸುಬಿನ ಅವನ ಮಗ ಅಪ್ಪನ ಎರಡೂ ಕೆನ್ನೆಗೆ ನೊರೆ ಹಚ್ಚಿ ಗಡ್ಡ ತೆಗೆಯುತ್ತಿದ್ದ. ಎಡಗೆನ್ನೆ ಮುಗಿಸಿ ಬಲಗೆನ್ನೆಗೆ ಕತ್ತಿ ಇಡುವಷ್ಟರಲ್ಲಿ ಅಂಗಳದಿಂದ ಚರ್ಚ್ ಸಭೆಯ ಹಿರಿಯರೊಬ್ಬರ ದನಿ ಕೇಳಿಸಿತು.

"ಈ ಶಿಲುಬೆ ಮೇಲೆ ಬರೆದಿದ್ದು ಯಾರು?"

"ನಾನೇ," ಎಂದ ಬೋರ್ಡ್ ಬರೆಯುವವ. "ಬಣ್ಣ ಹಸಿ ಇದೆ, ಮುಟ್ಟಬೇಡಿ."

"ಒಳ್ಳೇದೇ ಆಯ್ತು. ಅಳಿಸು."

ಮಗ ಕತ್ತಿ ಮಡಚಿ ಹೊರಗೆ ಬಂದ. ಗೋಡೆಗೆ ಒರಗಿಸಿದ್ದ ಮರದ ಶಿಲುಬೆಯ ಮೇಲೆ ಅಪ್ಪನ ಹೆಸರಿತ್ತು. ಅದರ ಕೆಳಗೆ ಒಂದೇ ಪದ: ಯಾಜಕ. ದೇವರ ಮುಂದೆ ಜನರ ಪರವಾಗಿ ನಿಲ್ಲುವವನು. ಬರೆಸಿದ್ದು ಅಮ್ಮ.

"ನೋಡಪ್ಪಾ," ಎಂದರು ಹಿರಿಯರು, "ಹನ್ನೊಂದಕ್ಕೆ ಪಾದ್ರಿಗಳು ಬರ್ತಾರೆ. ಈ ಪದ ಇದ್ರೆ ನಾನು ಸ್ಮಶಾನದ ಗೇಟು ತೆಗೆಯಲ್ಲ. ಬೀಗದ ಕೈ ನನ್ನ ಜೇಬಲ್ಲಿದೆ."

"ನಂಬಿದವರನ್ನೆಲ್ಲ ಬೈಬಲ್ ಹಾಗೇ ಕರೆಯುತ್ತಲ್ಲ ಅಯ್ಯಾ?"

"ಎಲ್ಲರನ್ನೂ ಒಟ್ಟಾಗಿ ಕರೆಯುತ್ತೆ. ಒಬ್ಬೊಬ್ಬನೂ ತನ್ನ ಹೆಸರಿಗೆ ಅಂಟಿಸಿಕೊಂಡು ಮೆರೀಲಿ ಅಂತಲ್ಲ. 'ದೇವರ ಸೇವಕ' ಅಂತ ಬರೆಸು. ಯಾರು ಬೇಡ ಅಂತಾರೆ?"

ಅಮ್ಮ ಬಾಗಿಲಿಗೆ ಬಂದು ನಿಂತಿದ್ದಳು. "ಸೇವಕ ಅನ್ನೋಕೆ ಯಾರಿಗೂ ಹೊಟ್ಟೆಯುರಿ ಇಲ್ಲ ಬಿಡಿ. ನಿಮ್ಮೆಲ್ಲರ ಕೂದಲು ಗುಡಿಸಿದವರು ಅವರು. ಅದನ್ನ ಶಿಲುಬೆ ಮೇಲೆ ಬರೀಬೇಕಾ?"

ಬೆಂಚಿನ ಮೇಲಿದ್ದ ಪಕ್ಕದಂಗಡಿಯ ದರ್ಜಿ ಬಿಗಿ ಸಡಿಲಿಸಲು ನೋಡಿದ. "ಅವನ ಕೈಗೆ ತಲೆ ಕೊಟ್ರೆ ಕಿವಿ ಉಳಿಯೋದು ಗ್ಯಾರಂಟಿ ಇರಲಿಲ್ಲ. ಆತ್ಮ ಮಾತ್ರ ಗ್ಯಾರಂಟಿ ಉಳೀತಿತ್ತು."

ಯಾರೋ ಕಿಸಕ್ಕೆಂದರು. ಹಿರಿಯರು ನಗಲಿಲ್ಲ.

"ನನ್ನ ತಮ್ಮ ಉಳಿಯಲಿಲ್ಲವಲ್ಲ," ಎಂದರು. ನಗು ನಿಂತುಹೋಯಿತು. "ಔಷಧಿ ಬಿಡು ಅಂತ ನಿಮ್ಮಪ್ಪ ಹೇಳಲಿಲ್ಲ, ಒಪ್ತೀನಿ. ಬಿಡಬೇಡ ಅಂತಲೂ ಹೇಳಲಿಲ್ಲ. ಆಮೇಲೆ ಒಂದು ದಿನವಾದ್ರೂ ನಿಮ್ಮಪ್ಪನ ಮನಸ್ಸಿಗೆ ಅದು ಚುಚ್ಚಿತಾ? ಅಷ್ಟು ಹೇಳು ಸಾಕು."

ಮಗನಿಗೆ ಉತ್ತರ ಗೊತ್ತಿತ್ತು. ಹೇಳಿದರೆ ಗೇಟು ತೆರೆಯಬಹುದು. ಆದರೆ ಬಾಗಿಲಲ್ಲಿ ಅಮ್ಮ ನಿಂತಿದ್ದಳು.

*

ಅಂಗಡಿಯಲ್ಲಿ ಎರಡು ಕುರ್ಚಿ. ಒಂದು ಅಪ್ಪನದು, ಒಂದು ಮಗನದು. ಕತ್ತರಿ ಕೆಳಗಿಟ್ಟ ಮೇಲೆ ಅಪ್ಪ ಗಿರಾಕಿಯ ನೆತ್ತಿಯ ಮೇಲೆ ಅಂಗೈ ಇಟ್ಟು ಅವನನ್ನು ಆಶೀರ್ವದಿಸುತ್ತಿದ್ದ; ನಂಬಿದವರೆಲ್ಲ ಯಾಜಕರೇ, ನಾನೂ ಯಾಜಕ ಎನ್ನುತ್ತಿದ್ದ. ಹೆಚ್ಚಿನವರು ನಗುತ್ತಾ ಎದ್ದು ಹೋಗುತ್ತಿದ್ದರು. ಕೆಲವರು ಅದಕ್ಕೆಂದೇ ಬರುತ್ತಿದ್ದರು.

ಹಿರಿಯರ ತಮ್ಮ ಅಂಥವನು. ಲಾರಿ ಓಡಿಸುತ್ತಿದ್ದ, ಕ್ಷಯ ಹಿಡಿದಿತ್ತು. ಮಾತ್ರೆ ನುಂಗಿದರೆ ಹೊಟ್ಟೆ ತೊಳಸುತ್ತದೆ ಎಂದು ಗೊಣಗುತ್ತಿದ್ದ. ಒಂದು ದಿನ ಆಶೀರ್ವಾದ ಪಡೆದು ಎದ್ದವನು ಕನ್ನಡಿಯಲ್ಲಿ ಮುಖ ನೋಡಿಕೊಂಡು, "ಯಾಜಕರೇ ಕೈ ಇಟ್ಟ ಮೇಲೆ ಇನ್ನು ಮಾತ್ರೆ ಯಾಕೆ ಮಾವಾ?" ಎಂದ. ತಮಾಷೆ ಎಂದುಕೊಂಡು ಅಪ್ಪ ನಕ್ಕ.

ತಮಾಷೆಯಾಗಿರಲಿಲ್ಲ. ಮಳೆಗಾಲ ಮುಗಿಯುವುದರೊಳಗೆ ಅವನನ್ನು ಮಣ್ಣು ಮಾಡಿದರು.

ಆಮೇಲೂ ಅಪ್ಪನ ಕೈ ಗಿರಾಕಿಯ ನೆತ್ತಿಯವರೆಗೆ ಏಳುತ್ತಿತ್ತು. ಅಲ್ಲಿಂದ ದಾರಿ ತಪ್ಪಿಸಿಕೊಂಡು, ಕುತ್ತಿಗೆಯ ಕೂದಲು ಕೊಡವಿ ಕೆಳಗಿಳಿಯುತ್ತಿತ್ತು. ಯಾರಾದರೂ ಕೇಳಿದರೆ "ಮರೆತೇಬಿಟ್ಟೆ" ಎನ್ನುತ್ತಿದ್ದ. ಒಂದು ಸಂಜೆ ಬಾಗಿಲೆಳೆಯುವಾಗ ಮಗನಿಗೆ ಹೇಳಿದ: "ಆ ಹೆಸರಿಗೆ ನಾನು ತಕ್ಕವನಲ್ಲ ಕಣೋ. ನಿಮ್ಮಮ್ಮನಿಗೆ ಹೇಳಬೇಡ. ಅವಳಿಗೆ ಇರೋದು ಅದೊಂದೇ ಹೆಮ್ಮೆ."

*

"ಚುಚ್ಚಿತು," ಎಂದ ಮಗ. "ನಿಮ್ಮ ತಮ್ಮ ಹೋದ ಮೇಲೆ ಅಪ್ಪ ಯಾರ ತಲೆ ಮೇಲೂ ಕೈ ಇಡಲಿಲ್ಲ. ನಾನು ತಕ್ಕವನಲ್ಲ ಅಂದ್ರು. ಆ ಹೆಸರು ಬಿಟ್ಟುಬಿಟ್ಟಿದ್ರು."

ಮಗ ಅಮ್ಮನ ಕಡೆ ನೋಡಲಿಲ್ಲ.

"ಇಷ್ಟು ವರ್ಷ?" ಎಂದಳು ಅಮ್ಮ. "ನನಗೊಂದು ಮಾತು ಹೇಳದೆ?"

"ಹೇಳಬೇಡ ಅಂದಿದ್ರಮ್ಮಾ."

ಅವಳು ಮೆಟ್ಟಿಲಿಳಿದು ಶಿಲುಬೆಯ ಮುಂದೆ ಬಂದು ನಿಂತಳು. ಬೋರ್ಡ್ ಬರೆಯುವವ ಸೀಮೆಎಣ್ಣೆಯ ಬಟ್ಟೆ ಹಿಡಿದು ಅವಳ ಮುಖವನ್ನೇ ನೋಡುತ್ತಿದ್ದ. ಅಳಿಸು ಎನ್ನುತ್ತಾಳೆಂದೇ ಎಲ್ಲರಿಗೂ ಅನ್ನಿಸಿತು.

"ಬಿಟ್ಟುಬಿಡೋಕೆ ಅದೇನು ಇವರು ದುಡಿದು ತಂದದ್ದಾ?" ಎಂದಳು. ದನಿ ಒಡೆದಿತ್ತು. "ದೇವರು ಇಟ್ಟ ಹೆಸರು. ತಕ್ಕವರಿಗೆ ಮಾತ್ರ ಅಂತಿದ್ದಿದ್ರೆ ಈ ಅಂಗಳದಲ್ಲಿ ಯಾರಿಗೆ ಸಿಗ್ತಿತ್ತು? ಹೇಳಿ ಹಿರಿಯರೇ. ನನಗಾ? ನಿಮಗಾ?" ಸೆರಗಿನಿಂದ ಮೂಗು ಒರೆಸಿಕೊಂಡಳು. "ನಿಮ್ಮ ತಮ್ಮನೂ ಯಾಜಕನೇ. ಇವರು ಕೈ ಇಟ್ಟಿದ್ದಕ್ಕಲ್ಲ. ಅದಕ್ಕೆ ಮುಂಚಿಂದಲೂ."

"ಅವನು ಕುಡೀತಿದ್ದ," ಎಂದರು ಹಿರಿಯರು. ಯಾರೂ ಆ ಪ್ರಶ್ನೆ ಕೇಳಿರಲಿಲ್ಲ.

"ಕುಡೀತಿದ್ದ. ಆದ್ರೂ."

ದರ್ಜಿ ಏನೋ ಹೇಳಲು ಹೋದ. ಪಕ್ಕದಲ್ಲಿದ್ದವನು ಅವನ ತೊಡೆ ಅದುಮಿ ಸುಮ್ಮನಿರಿಸಿದ. ಹಿರಿಯರು ಶಿಲುಬೆಯನ್ನೂ ನೋಡಲಿಲ್ಲ, ಅಮ್ಮನನ್ನೂ ನೋಡಲಿಲ್ಲ. ಜೇಬಿನಿಂದ ಬೀಗದ ಕೈ ತೆಗೆದು ಬೆಂಚಿನ ತುದಿಯಲ್ಲಿಟ್ಟರು.

"ಗೇಟು ನೀವೇ ತೆಗೆದುಕೊಳ್ಳಿ. ನಾನು ಬರಲ್ಲ," ಎಂದು ಹೊರಟುಹೋದರು.

ಮಗ ಒಳಗೆ ಹೋದ. ಅಪ್ಪನ ಬಲಗೆನ್ನೆಯ ನೊರೆ ಒಣಗಿ ಬಿಳಿ ಪುಡಿಯಾಗಿತ್ತು. ಬಟ್ಟಲಿಗೆ ಬಿಸಿನೀರು ಹಾಕಿ ಮತ್ತೆ ಮೊದಲಿಂದ ಹಚ್ಚಿದ. ಅಮ್ಮ ಬಂದು ತಲೆಯ ಬಳಿ ಕೂತಳು. "ಮೀಸೆ ಸರಿ ಮಾಡು. ವಾರೆಯಾಗಿದೆ," ಎಂದಳು. ಆಮೇಲೆ ಗಂಡನ ಕಿವಿಯ ಹತ್ತಿರ ಬಾಗಿ, "ಹುಚ್ಚಪ್ಪ," ಎಂದಳು.

ಹನ್ನೊಂದು ದಾಟಿದ ಮೇಲೆ ಮಣ್ಣು ಮಾಡಿದರು. ಪಾದ್ರಿಗಳು ಶಿಲುಬೆ ಓದಿ ಪ್ರಾರ್ಥನೆ ಶುರುಮಾಡಿದರು. ಹಿರಿಯರ ಜಾಗ ಖಾಲಿ ಇತ್ತು.

ಮುಂದಿನ ತಿಂಗಳು ಹಿರಿಯರು ಅದೇ ಬೋರ್ಡ್ ಬರೆಯುವವನನ್ನು ಸ್ಮಶಾನಕ್ಕೆ ಕರೆದೊಯ್ದು, ತಮ್ಮನ ಶಿಲುಬೆಗೆ ಹೊಸ ಬಣ್ಣ ಹೊಡೆಸಿದರು. ಹೆಸರಿನ ಕೆಳಗೆ ಯಾಜಕ ಎಂದು ಬರೆಸಿದರು. ಕ್ಷೌರಕ್ಕೆ ಮಾತ್ರ ಈಗಲೂ ಅವರು ಬೇರೆ ಅಂಗಡಿಗೇ ಹೋಗುತ್ತಾರೆ.